ಅನುನಾಸಿಕ

ಬುಧವಾರ ಬೆಳಿಗ್ಗೆ ಆರೂಕಾಲಿಗೆ
ದಾವಣಗೆರೆ ಬಸ್ ನಿಲ್ದಾಣದ ಮೈಕಿನ ಮುಂದೆ ಕೂತು
ಬಾಯಿ ತೆರೆದರೆ
ಮಲೇಬೆನ್ನೂರು ಬರಲಿಲ್ಲ.
ಬಲೇಬೆದ್ದೂರು ಬಂತು.

ಹೊರಗೆ ಯಾರೋ ನಕ್ಕರು.
ಹೊನ್ನಾಳಿ ಹೊದ್ದಾಳಿಯಾಯಿತು, ಚನ್ನಗಿರಿ ಚದ್ದಗಿರಿ,
ಮಾಯಕೊಂಡ... ಬೇಡ, ಅದನ್ನು ಹೇಳುವುದೇ ಬೇಡ ಎಂದು
ಮೈಕಿನ ಬಾಯಿಗೆ ಅಂಗೈ ಇಟ್ಟೆ.

ವರ್ಗದ ಕೊನೆಗೆ ನಿಲ್ಲುವ ಐದು ಮಕ್ಕಳು
ಙ ಞ ಣ ನ ಮ
ಎಂದೂ ಇವರ ಬಗ್ಗೆ ಯೋಚಿಸಿದವಳಲ್ಲ.
ಮೊದಲಿಬ್ಬರಿಗಂತೂ ಕೆಲಸವೇ ಇಲ್ಲವೆಂದುಕೊಂಡಿದ್ದೆ.
ರಾತ್ರೋರಾತ್ರಿ ಐವರೂ ಒಟ್ಟಿಗೆ ರಜೆ ಹಾಕಿದ್ದಾರೆ,
ಸೊನ್ನೆಯನ್ನೂ ಕೈಹಿಡಿದು ಕರೆದುಕೊಂಡು.
ಮಂಡಕ್ಕಿ ಬಡ್ಡಕ್ಕಿ. ನೆಗಡಿ ದೆಗಡಿ.
ನಾಗಮಣಿ ಎಂಬ ನಾನು
ದಾಗಬಡಿ.

ಕಂಟ್ರೋಲರ್ ರುದ್ರಮುನಿಯವರು ಏನೂ ಅನ್ನದೆ
ಹಳೇ ರೆಕಾರ್ಡಿಂಗು ಹಾಕಿದರು.
ನನ್ನದೇ ದನಿ, ಆರು ವರ್ಷದ ಹಿಂದಿನದು,
ಮೂಗಿನ ತುಂಬ ಗಾಳಿಯಿದ್ದದ್ದು,
ಎಂದೋ ರದ್ದಾದ ಎಂಟೂ ಇಪ್ಪತ್ತರ ಬಸ್ಸನ್ನು
ಸಂತೇಬೆನ್ನೂರಿಗೆ ಕರೆಯುತ್ತಲೇ ಇತ್ತು.
ಇಬ್ಬರು ಗಂಟು ಹೊತ್ತು ಓಡಿದರು, ಪಾಪ.

ಅಷ್ಟರಲ್ಲಿ ಔಷಧಿಗಳು ಬರತೊಡಗಿದವು.
ಡ್ರೈವರ್ ಕರಿಬಸಪ್ಪ ಹೇಳಿದ: ಎರಡು ಮಿರ್ಚಿ, ಬೀಜ ತೆಗೀದೇ,
ಬಾಣಲೆಯಿಂದ ನೇರ ಬಾಯಿಗೆ, ಅಳು ಬಂದರೆ ಒಳ್ಳೇದು.
ಪಾಸ್ ಕೌಂಟರಿನ ಹುಡುಗಿ
ವೀಳ್ಯದೆಲೆಗೆ ಹರಳೆಣ್ಣೆ ಸವರಿ, ದೀಪಕ್ಕೆ ಹಿಡಿದು, ನೆತ್ತಿಗೆ ಎಂದಳು.
ಅದು ಕೂಸುಗಳಿಗಲ್ಲವೇ ಅಂದರೆ
ಮೂಗು ಸೋರುವವರೆಲ್ಲ ಕೂಸೇ ಅಂದಳು.
ದುರುಗಮ್ಮ ಪೊರಕೆಯನ್ನು ಗೋಡೆಗೆ ಒರಗಿಸಿ
ಹುರುಳಿ ಕಟ್ಟಿನ ಸಾರಿಗೆ ಜಜ್ಜಿದ ಬೆಳ್ಳುಳ್ಳಿ ಒಗ್ಗರಣೆ,
ಸುರಿದುಕೊಂಡು ಕಂಬಳಿ ಹೊದ್ದು ಮಲಗು ಅಂದಳು.
ಮಲಗೋದು ಯಾವಾಗ ಅಂತ ಅವಳೂ ಹೇಳಲಿಲ್ಲ.
ಜಗಳೂರಿನವನೊಬ್ಬ, ಹೆಸರು ಗೊತ್ತಿಲ್ಲ,
ಕಿಟಕಿಯಲ್ಲಿ ಕೈ ತೂರಿಸಿ ಓಂಕಾಳಿನ ಪೊಟ್ಟಣ ಇಟ್ಟು
ತನ್ನ ಬಸ್ಸು ಹಿಡಿಯಲು ಓಡಿದ.

ಮನೆಯಲ್ಲಿ ಅತ್ತೆ.
ಮೆಣಸು, ಹಸಿಶುಂಠಿ, ಹಿತ್ತಲ ಡಬ್ಬಿಯ ದೊಡ್ಡಪತ್ರೆ, ಚೂರು ಬೆಲ್ಲ.
ಎಷ್ಟೆಷ್ಟು ಎಂದು ಕೇಳಿದೆ.
ಎಣಿಸುವವರು ಡಾಕ್ಟರಾಗಲಿ, ನೀನು ಕುಡಿ ಅಂದಳು.
ಮೂರು ಲೋಟ ಒಂದಾಗುವವರೆಗೆ
ಒಲೆಯ ಮುಂದೆ ನಿಂತೇ ಇದ್ದಳು,
ನನ್ನ ಮೇಲಿನ ಹಳೆಯ ಸಿಟ್ಟನ್ನೂ ಅದರಲ್ಲೇ ಇಂಗಿಸಿದಂತೆ.
ಖಾರ ಮಾತ್ರ ಹಾಗೇ ಇತ್ತು.

ಗುರುವಾರ ರಾತ್ರಿ ಪಕ್ಕದ ಮಂಡಕ್ಕಿ ಭಟ್ಟಿಯ ಬೀಬಿಜಾನ್ ಬಂದಳು.
ಲುಂಗಿಯ ತುಂಡಿನಲ್ಲಿ ಕಟ್ಟಿದ ಮರಳು,
ಬೆಳಗಿನಿಂದ ಅಕ್ಕಿ ಅರಳಿಸಿದ ಮರಳು,
ಇನ್ನೂ ಬಿಸಿ.
ಹುಬ್ಬಿನ ನಡುವೆ, ಮೂಗಿನ ಅಕ್ಕಪಕ್ಕ, ಕಿವಿಯ ಹಿಂದೆ
ಒತ್ತಿ ಎತ್ತಿ, ಒತ್ತಿ ಎತ್ತಿ.
ಭಟ್ಟಿಯ ಹೊಗೆಗೆ ಅವಳ ಮೂಗು ಸತ್ತು ಇಪ್ಪತ್ತು ವರ್ಷ.
"ಮಲ್ಲಿಗೆ ಮುಡೀತೀನಿ. ಘಮ ಐತೋ ಇಲ್ಲೋ ಬೇರೆಯವರು ಹೇಳಬೇಕು"
ಎಂದಳು, ಚಿಲ್ಲರೆ ಇಲ್ಲ ಎಂಬಷ್ಟು ಸಲೀಸಾಗಿ.
ನಾನು ಎರಡು ದಿನಕ್ಕೇ ಊರೆಲ್ಲ ಸಾರಿದ್ದೆ.
ಬಟ್ಟೆಯ ಗಂಟು ತಣ್ಣಗಾಯಿತು.
ಅವಳು ಅದನ್ನು ಬಿಚ್ಚಿ, ಒಂದು ಕಾಳು ಮಂಡಕ್ಕಿ ಹೆಕ್ಕಿ
ನನ್ನ ಬಾಯಿಗಿಟ್ಟಳು.

ಶುಕ್ರವಾರ ಬಲಹೊಳ್ಳೆಯಲ್ಲೊಂದು ಸಣ್ಣ ಸೀಟಿ.
ಎಡಕ್ಕೆ ಇನ್ನೂ ಬೀಗ.
ಮುದುಕಿಯೊಬ್ಬಳು ಕಿಟಕಿಗೆ ಬಂದು ಸೆರಗಲ್ಲಿ ಮೂಗೊರೆಸಿ,
"ಬಲೇಬೆದ್ದೂರಿಗೆ ಯಾವುದವ್ವಾ?"
ರುದ್ರಮುನಿಯವರು ಎರಡು ಸಲ ಏನಂದ್ರಿ ಅಂದರು.
ನನಗೆ ಒಂದೇ ಸಲಕ್ಕೆ ತಿಳಿಯಿತು.
ಫ್ಲಾಸ್ಕಿನ ಮುಚ್ಚಳಕ್ಕೆ ಕಷಾಯ ಬಗ್ಗಿಸಿ ಕೊಟ್ಟು
ಮೈಕು ಎಳೆದುಕೊಂಡೆ.
ಮ ಬಂತು. ನ ಇನ್ನೂ ದಾರಿಯಲ್ಲಿತ್ತು.
ಮಲೇಬೆದ್ದೂರು, ಎಂದೆ.
ಅವಳು ಮುಚ್ಚಳ ಕೈಯಲ್ಲಿ ಹಿಡಿದೇ
ಬಸ್ಸು ಹತ್ತಿದಳು.