ಹಕ್ಕಳೆ

ಶಿವರಾತ್ರಿ ಕಳೆದು ಹನ್ನೊಂದು ದಿನ.
ಕೆರೆ ಮೇಲೆ ಹಕ್ಕಳೆ ಕಟ್ಟಿದೆ.
ಗಾಯದ್ದಾದ್ರೆ ಉಗುರಲ್ಲಿ ಎಬ್ಬಿಸಿ ನೋಡಬಹುದು.
ಇದನ್ನ ಬಿದಿರಲ್ಲಿ ಕೇಳಬೇಕು.

ಬೂಟು ಇಲ್ಲೇ ಬಿಡು, ಚೌಡೇಶ. ಗಳ ತಗೋ.
ಹೆಜ್ಜೆಗೆ ಮುಂಚೆ ಒಂದು ಕುಟ್ಟು.
ಟಕ್ ಅಂದ್ರೆ ಸರಿ.
ದಬ್ ಅಂದ್ರೆ ನಿಲ್ಲು.
ಏನೂ ಅನ್ನದೇ ಹೋದ್ರೆ
ಬಂದ ಹೆಜ್ಜೆಯಲ್ಲೇ ಹಿಂದಕ್ಕೆ ಬಾ, ತಿರುಗಬೇಡ.
ತಿರುಗುವಾಗ ಮೈಭಾರವೆಲ್ಲ ಒಂದೇ ಹಿಮ್ಮಡಿಗೆ ಬರುತ್ತೆ.

ಬಿರುಕಲ್ಲಿ ಬೆರಳು ಇಳಿಸು.
ಒಂದು ಗೆಣ್ಣು ನಾಯಿಗೆ ಸಾಕು.
ನಿನಗೆ ಪೂರಾ ಬೆರಳು.
ನನಗೆ ಮಣಿಕಟ್ಟಿನವರೆಗೆ ಬೇಕು, ನಗಬೇಡ,
ಎರಡು ಹೆತ್ತ ಮೈ ಇದು.
ಅಂಚು ಹಪ್ಪಳದ ಹಾಗೆ ಎದ್ದಿದ್ರೆ
ಮೇಲೊಂದೇ ಒಣಗಿದೆ, ಕೆಳಗೆ ಅಂಬಲಿ.

ಕೊಕ್ಕರೆ ನಿಂತಿದೆ ಅಂತ ಹೋಗಬೇಡ.
ಕೊಕ್ಕರೆ ಎಷ್ಟು ತೂಗುತ್ತೆ? ಒಂದು ಚೀಲ ಪುರಿ.
ನಾಯಿ ಹೆಜ್ಜೆನೂ ಬೇಡ,
ಅದಕ್ಕೆ ಭಾರ ಹಂಚೋಕೆ ನಾಕು ಕಾಲು.
ಎಮ್ಮೆ ಗೊರಸು ಕಂಡ್ರೆ ನಂಬು,
ಅದೂ ಇವತ್ತಿನದಾದ್ರೆ.
ರಾತ್ರಿ ಎರಡು ಗಂಟೆಗೆ ಅಪಾರ್ಟ್‌ಮೆಂಟಿನವರು ವಾಲ್ವ್ ತಿರುಗಿಸ್ತಾರೆ.
ನೀರು ಸದ್ದಿಲ್ಲದೆ ಅಡಿಯಲ್ಲೇ ಬಂದು
ಹಕ್ಕಳೆಯ ಹೊಟ್ಟೆ ನೆಕ್ಕಿ ನೆಕ್ಕಿ ತೆಳ್ಳಗೆ ಮಾಡಿರುತ್ತೆ.
ಮೇಲೆ ನೋಡಿದ್ರೆ ನಿನ್ನೆಯದೇ ಕೆರೆ.
ಮೋರಿ ಬಾಯಿಂದ ದೂರ ಇರು.
ಜೊಂಡಿರೋ ಕಡೆ ಹೋಗು, ಬೇರು ಹಿಡಿದಿರುತ್ತೆ.

ಗೇಟು ಕಾಯೋ ಕುಟ್ಟಯ್ಯನವರು
ಮಿಲಿಟರೀಲಿದ್ದಾಗ ಲಡಾಖಿನಲ್ಲಿ
ಕೆರೆ ಮೇಲೇ ನಡೆದಿದ್ದಾರಂತೆ.
ನೀರೇ ಕಲ್ಲಾಗುತ್ತಂತೆ.
ತೂತು ಕೊರೆದು, ಕಡ್ಡಿ ಇಳಿಸಿ, ಅಳೆದು
ಅಂಗೈಯಗಲ ದಪ್ಪ ಇದ್ರೆ ಒಬ್ಬ ಆಳು,
ಹಿಂದಿನವನು ಹತ್ತು ಹೆಜ್ಜೆ ಬಿಟ್ಟು.
ನಮ್ಮ ಮೀನಿಗೆ ಶಿವಾಜಿನಗರದಿಂದ ಬರುತ್ತಲ್ಲ ಐಸ್ ಗಡ್ಡೆ,
ಹೊಟ್ಟು ಒರೆಸಿ, ಗೇಣಿಟ್ಟು ನೋಡಿ
'ಇಷ್ಟಿದ್ರೆ ಜೀಪೇ ಹೋಗುತ್ತಮ್ಮ' ಅಂದ್ರು.
'ನೀಲಿ ಕಂಡ್ರೆ ನಡಿ, ಬಿಳಿ ಕಂಡ್ರೆ ಅರ್ಧ ನಂಬು.'
ಇಲ್ಲಿ ಉಲ್ಟಾ, ಅಂದೆ.
ಬಿಳಿ ಉಪ್ಪು ಅರಳಿದ್ರೆ ನಡೀಬಹುದು.
ನೀಲಿ ಮಿರುಗಿದ್ರೆ ಎಣ್ಣೆ, ಒಳಗೆ ಹಸಿ.
ಅವರು ಟೀ ಲೋಟ ಹಿಡಕೊಂಡು
ಬಹಳ ಹೊತ್ತು ಕೆರೆ ನೋಡಿದ್ರು.
'ಮೊದಲನೇ ವಾರ ಹುಷಾರಮ್ಮ.
ಆಮೇಲೆ ಎಲ್ಲರಿಗೂ ಗೊತ್ತಾಗಿರುತ್ತೆ.'
ಅದೊಂದು ಮಾತ್ರ ಎರಡೂ ಕಡೆ ಒಂದೇ.

ಇನ್ನೊಂದು. ಇದನ್ನ ನನಗೆ ಯಾರೂ ಹೇಳಿರಲಿಲ್ಲ.
ಹೋಗುವಾಗ ಹೊತ್ತ ನೆಲ
ಬರುವಾಗಲೂ ಹೊರುತ್ತೆ ಅಂತಿಲ್ಲ.
ನಿಮ್ಮ ಮಾವ ಹೋಗುವಾಗ ಅರವತ್ತೆರಡು ಕೆಜಿ.
ಬರುವಾಗ ತಲೆ ಮೇಲೆ ಮೂವತ್ತು ಕೆಜಿ ಕಾಟ್ಲಾ,
ಹೆಗಲ ಮೇಲೆ ಒದ್ದೆ ಬಲೆ.
ಅದೇ ದಾರಿ. ತಾವೇ ಇಟ್ಟ ಹೆಜ್ಜೆ ಮೇಲೆ ಹೆಜ್ಜೆ.
ಸೊಂಟದವರೆಗೆ ಹೋದ್ರು.
ಬುಟ್ಟಿ ಬಿಡಿ, ಬಿಡಿ ಅಂತ ದಡದಿಂದ ಕೂಗ್ತಿದ್ದೆ.
ಬಿಡಲಿಲ್ಲ. ಕೆಜಿಗೆ ನೂರಾ ಅರವತ್ತಿತ್ತು ಆವತ್ತು.
ಕಟ್ಟಡದವರ ಏಣಿ ತಂದು ಮಲಗಿಸಿ
ನಾಕು ಜನ ಹೊಟ್ಟೆ ಮೇಲೆ ತೆವಳಿ ಎಳೆದ್ವಿ.
ಬಂದ್ರು. ಬಲಗಾಲಿನ ಗಮ್‌ಬೂಟು ಬರಲಿಲ್ಲ.
ಎಲ್ಲೋ ಇದೆ, ಇಲ್ಲೇ, ನಮ್ಮ ಕೆಳಗೆ,
ಒಳಗೆ ಕಾಲಿನ ಆಕಾರ ಇಟ್ಟುಕೊಂಡು.
ಈಗ ಅವರು ದಡದಲ್ಲಿ ತಕ್ಕಡಿ ಹಿಡೀತಾರೆ,
ಗ್ರಾಮಿನ ಲೆಕ್ಕ ತಪ್ಪಲ್ಲ.

ಅದಕ್ಕೇ ಈ ನೀಲಿ ಟಬ್ಬು, ಈ ಹಗ್ಗ.
ಮೀನನ್ನ ಹೊರಬೇಡ, ಎಳಿ. ದೂರದಿಂದ ಎಳಿ.

ಅಲ್ಲಿ ನೋಡು, ಲೇಔಟಿನ ಹುಡುಗರು
ವಿಕೆಟ್ ನೆಡೋಕೆ ಬಂದಿದ್ದಾರೆ.
ಕುಟ್ಟಯ್ಯ ಆಗಲೇ ಸೀಟಿ ಊದ್ತಿದ್ದಾರೆ.
ವಿಕೆಟ್ಟು ಸಲೀಸಾಗಿ ಇಳಿದುಹೋಯಿತಲ್ಲ,
ಅಷ್ಟು ನೋಡಿದ್ರೆ ಸಾಕಿತ್ತು ಅವಕ್ಕೆ.

ಹೂಂ, ಹೊರಡು. ನಾನು ಹತ್ತು ಹೆಜ್ಜೆ ಹಿಂದೆ.
ಕುಟ್ಟು.
ನನಗೆ ಕೇಳಿಸ್ತು, ಬಿಡು.
ನಿನಗೆ ಏನು ಕೇಳಿಸ್ತು, ಅದು ಹೇಳು.