ಉಪ್ಪಿನ ಭುಜಗಳು

ಶಾಲೆಯ ಬಾಗಿಲು ವಾಲಿದೆ, ಬಾ ಅಂದರು.
ಕೊಡಲಿ ಮನೆಯಲ್ಲೇ ಬಿಟ್ಟು ಹೋದೆ,
ಸುತ್ತಿಗೆ, ಹಿಡಿ ಮೊಳೆ, ಒಂದು ಮರದ ಪಟ್ಟಿ ಹಿಡಿದು.
ಕೊಲ್ಚಾನಿಯಲ್ಲಿ ಗೋಡೆಗೆ ಉಪ್ಪಿನ ಇಟ್ಟಿಗೆ ಸಾಕು;
ಬಾಗಿಲಿಗೆ ಮಾತ್ರ ಮರವೇ ಆಗಬೇಕು,
ಮರ ಲಾರಿ ಹತ್ತಿ ದೂರದಿಂದ ಬರಬೇಕು.

ಒಳಗೆ ಕಿಸ್ಪೆ ಟೀಚರು
ಹಲಗೆಯ ಮೇಲೆ ಎರಡು ಗೆರೆ ಎಳೆದು ಕೇಳುತ್ತಿದ್ದರು:
"ಇಷ್ಟರಲ್ಲಿ ಒಂದು ಲಾಮಾ ಕೂಡಿಹಾಕಬಹುದಾ?"
ಆಗಲ್ಲ, ಓಡಿಹೋಗುತ್ತೆ.
"ಕಡಿಮೆಯೆಂದರೆ ಎಷ್ಟು ಬೇಕು?"
ಮೂರು, ಅಂದಳು ನನ್ನ ಬಸೀಲಿಯಾ
ಕೈ ಎತ್ತದೆ, ಕಿಟಕಿ ನೋಡುತ್ತಲೇ.

ಮೂರು ಭುಜ. ಆಮೇಲೆ ನಾಲ್ಕು, ಐದು, ಆರು.
ನನಗೆ ಗೊತ್ತಿದ್ದದ್ದು ಎರಡೇ:
ಎಡದ್ದು ಇಟ್ಟಿಗೆ ಹೊರುವ ಭುಜ,
ಬಲದ್ದು ಕೊಡಲಿ ಎತ್ತಿ ಎತ್ತಿ
ಜುಲೈ ಚಳಿಯಲ್ಲಿ ರಾತ್ರಿಯಿಡೀ ಮಾತಾಡುವ ಭುಜ.

"ನೋಡಿ ಮಕ್ಕಳೇ, ಆಯತ!" ಬಳಪ ನನ್ನತ್ತ ತಿರುಗಿತು.
"ಬಸೀಲಿಯಾಳ ಅಪ್ಪ, ಬಾಗಿಲು ತಳ್ಳಿ." ತಳ್ಳಿದೆ.
ಭುಜದ ಉದ್ದ ಬದಲಾಯಿತಾ? ಇಲ್ಲ.
ಎದುರುಬದುರು ಸಮಾಂತರ ತಪ್ಪಿತಾ? ಇಲ್ಲ.
"ಹಾಗಾದರೆ ಹೋದದ್ದೇನು?"
ಮೂಲೆಮಟ್ಟ, ಅಂದುಬಿಟ್ಟೆ ನಾನೇ.
ಮಕ್ಕಳು ನಕ್ಕರು.
ಸರಿ ಉತ್ತರ, ಅಂದರು ಟೀಚರು.
ನಲವತ್ತೊಂದನೆಯ ವಯಸ್ಸಿಗೆ
ಶಾಲೆಯೊಳಗೆ ನನ್ನ ಮೊದಲ ಸರಿ ಉತ್ತರ.

ಮೂಲೆಯಿಂದ ಮೂಲೆಗೆ ಪಟ್ಟಿ ಜಡಿದೆ.
ಅದರ ಹೆಸರು ಕರ್ಣವಂತೆ. ಕಿವಿಯೇ?
ಇರಬಹುದು, ಎದುರು ಮೂಲೆಯ ಮಾತಿಗೆ ಕೊಟ್ಟ ಕಿವಿ.
ಈಗ ಬಾಗಿಲು ಎರಡು ತ್ರಿಭುಜ;
ತಳ್ಳಿದರೆ ಗೋಡೆ ಬಿದ್ದೀತು, ಬಾಗಿಲು ವಾಲದು.

ಮಧ್ಯಾಹ್ನ ಎಲ್ಲರೂ ಬಿಳಿ ಬಯಲಿಗೆ ಹೊರಟರು.
ಸುತ್ತಿಗೆ ಹಿಡಿದುಕೊಂಡೇ ನಾನೂ ಹೋದೆ.
ಮಳೆನೀರು ಆರಿ, ಉಪ್ಪು ಬಿರಿದು, ಅಂಚು ಉಬ್ಬಿ
ಕಣ್ಣು ಸೋಲುವವರೆಗೂ ಬಹುಭುಜ.
ಇಪ್ಪತ್ತು ವರ್ಷ ಅದರ ಮೇಲೆ ಲಾರಿ ಓಡಿಸಿದ್ದೇನೆ,
ಎಣಿಸಿರಲಿಲ್ಲ.
ಆರು, ಆರು, ಐದು, ಆರು, ಏಳು, ಆರು.

"ನಿಯತ ಷಡ್ಭುಜ ಸಿಕ್ಕಿತು!" ಹಿಲಾರಿಯೋನ್ ಕುಣಿದ.
ಟೀಚರು ದಾರ ಹಿಡಿದು ಅಳೆದರು:
ಒಂದು ಭುಜ ಅರ್ಧ ಗೇಣು ಗಿಡ್ಡ.
ಆರೇನೋ ಹೌದು, ನಿಯತ ಅಲ್ಲ.
ಹುಡುಗನ ಮುಖ ನೋಡಲಾರದೆ
ಅರ್ಧ ಗೇಣು ತಾನೇ, ಬಿಡಿ ಅಂದೆ.
ಬಿಡಲಿಲ್ಲ.

ನಾನು ಕಡಿದಿಟ್ಟ ಇಟ್ಟಿಗೆ ಸಾಲಿನ ಬಳಿ ಜಗಳ ಹತ್ತಿತು:
ಇದರ ತುದಿ ಚೌಕವೋ, ಆಯತವೋ?
"ನಿನ್ನ ಪೂರ್ತಿ ಹೆಸರು ಹೇಳು" ಅಂದರು ಟೀಚರು.
ಹಿಲಾರಿಯೋನ್ ಕಾಯೋ ಲುಪಾ.
"ಅಪ್ಪನ ಮನೆಯದೊಂದು, ಅಮ್ಮನ ಮನೆಯದೊಂದು.
ಚೌಕಕ್ಕೂ ಹಾಗೆಯೇ:
ಮೂಲೆಗಳು ಆಯತದ ಕಡೆಯಿಂದ ಬಂದವು,
ಸರಿಸಮದ ಭುಜಗಳು ವಜ್ರಾಕೃತಿಯ ಕಡೆಯಿಂದ.
ಯಾವ ಮನೆಯವರು ಕರೆದರೂ ಓ ಅನ್ನಬೇಕು."

ಬಸೀಲಿಯಾ ದೂರದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು,
ಏಳು ಭುಜದ್ದೊಂದರ ಮುಂದೆ. ಅದರ ಒಂದು ಮೂಲೆ
ಒದೆ ತಿಂದ ಡಬ್ಬಿಯ ಹಾಗೆ ಒಳಕ್ಕೆ ಕುಸಿದಿತ್ತು.
ಅಕ್ಕಪಕ್ಕದ ಮೂಲೆಗಳಿಗೆ ಹಗ್ಗ ಬಿಗಿದರೆ
ಹಗ್ಗ ಆಕೃತಿಯ ಹೊರಗೇ ಹಾಯಿತು.
"ನಿಮ್ನ" ಅಂದರು ಟೀಚರು.
ಕೋನಗಳ ಮೊತ್ತ ಕಡಿಮೆಯಾಗುತ್ತಾ?
ಇಲ್ಲ. ಐದು ತ್ರಿಭುಜವೇ, ಒಂಬೈನೂರು ಡಿಗ್ರಿಯೇ.
ಕುಸಿದ ಮೂಲೆಗೂ ಪಾಲಿದೆಯಾ?
"ಅದಕ್ಕೇ ಎಲ್ಲರಿಗಿಂತ ಹೆಚ್ಚು.
ನೂರ ಎಂಬತ್ತು ದಾಟಿರುತ್ತೆ."
ನಾನು ಬಲಭುಜ ಸವರಿಕೊಂಡೆ.

ಜನವರಿಯಲ್ಲಿ ನೀರು ಬಂದು
ಇದೆಲ್ಲ ಅಳಿಸಿ ಹೋಗುತ್ತೆ, ಅಂದೆ ದಾರಿಯಲ್ಲಿ.
ಗೊತ್ತು, ಅಂದಳು. ಅದಕ್ಕೇ ಬರೆದಿದ್ದೀನಿ.

ರಾತ್ರಿ ಅವಳು ಮಲಗಿದ ಮೇಲೆ ಪುಸ್ತಕ ತೆರೆದೆ.
ಷಡ್ಭುಜ ನಲವತ್ತಮೂರು. ಪಂಚಭುಜ ಇಪ್ಪತ್ತಾರು.
ಸಪ್ತಭುಜ ಹತ್ತೊಂಬತ್ತು, ಅದರಲ್ಲಿ ನಿಮ್ನ ಒಂದು.
ಕಡೆಗೆ ಒಂದು ಚಿತ್ರ: ಐದು ಗೆರೆ ಸುತ್ತಿ ಬಂದು
ಕೊನೆಯದು ಮೊದಲಿನದನ್ನು ಮುಟ್ಟುವ ಮುಂಚೆ
ಉಪ್ಪಲ್ಲೇ ಎಲ್ಲೋ ಇಲ್ಲವಾಗಿತ್ತು.
ಹೆಸರಿನ ಜಾಗದಲ್ಲಿ ಬರೆದಿದ್ದಳು:
ಲಾಮಾ ಓಡಿಹೋಯಿತು.