ಒಂದು ಹಲ್ಲು

ವಾಸ್ಕೋದಲ್ಲಿ, ಖಾರಿವಾಡೆಯ ಜೆಟ್ಟಿಯ ಹಿಂದೆ
ರಾತ್ರಿ ಹನ್ನೊಂದಕ್ಕೆ ಕಾಯ್ತಾನನ ಮೀನುಗಾಡಿಯ
ಎದೆ ಬಿಚ್ಚಿಟ್ಟಿದ್ದೆವು.
ಫ್ಯಾನು, ರೇಡಿಯೇಟರು, ಮುಂದಿನ ಮುಚ್ಚಳ.
ಯಾವ ಬೋಲ್ಟು ಯಾವ ತೂತಿನದೆಂದು
ರಟ್ಟಿನ ಮೇಲೆ ಅದೇ ಆಕಾರದಲ್ಲಿ ಚುಚ್ಚಿಟ್ಟಿದ್ದೆ.
ನಾಲ್ಕಕ್ಕೆ ಬಂಗಡೆ ಬರುತ್ತದೆ,
ಮಡಗಾಂವದ ಮಾರ್ಕೆಟ್ಟು ಯಾರಿಗೂ ಕಾಯುವುದಿಲ್ಲ.
ಕಾಯ್ತಾನ್ ಐಸಿನ ಪೆಟ್ಟಿಗೆಯ ಮೇಲೆ ಕೂತು
ಐದು ನಿಮಿಷಕ್ಕೊಮ್ಮೆ "ಜಾಲೆಂ?" ಎನ್ನುತ್ತಿದ್ದ.

ಹಳೆಯ ಚೈನನ್ನು ಹೊಸದರ ಪಕ್ಕ ತೂಗುಬಿಟ್ಟರೆ
ಅರ್ಧ ಕೊಂಡಿಯಷ್ಟು ಉದ್ದ.
ಮೂರು ಲಕ್ಷ ಕಿಲೋಮೀಟರಿಗೆ
ಅರ್ಧ ಕೊಂಡಿ.
ಅಷ್ಟಕ್ಕೇ ಬೆಳಗಿನ ಮೊದಲ ಸ್ಟಾರ್ಟಿನಲ್ಲಿ
ಕಡಲೆ ಹುರಿದ ಸದ್ದು ಬರುತ್ತಿತ್ತು.

ಕೇಳಿದ್ದು ನಾನು.
ಉಸ್ತಾದ್ ರಾಜೇಸಾಬನಿಗೆ ಕೇಳುವುದಿಲ್ಲ;
ಸವಣೂರಿಂದ ಬಂದು ನಲವತ್ತು ವರ್ಷ
ಇಂಜಿನ್ನಿಗೆ ಕಿವಿ ಕೊಟ್ಟವನು
ಕೊಟ್ಟದ್ದನ್ನು ವಾಪಸು ಪಡೆಯಲಿಲ್ಲ.
ಈಗ ಸ್ಕ್ರೂಡ್ರೈವರಿನ ಹಿಡಿಯನ್ನು
ದವಡೆಗೆ ಒತ್ತಿಕೊಂಡು ಆಲಿಸುತ್ತಾನೆ.

"ದುರಗಿ, ಒಂದನೇ ಪಿಸ್ಟನ್ ಮ್ಯಾಲೆ ತಾ.
ಫ್ಲೈವ್ಹೀಲಿಗೆ ಪಿನ್ ಹಾಕು. ಕ್ಯಾಮ್ ಎರಡಕ್ಕೂ ಹಾಕು.
ಇನ್ನ ನಿಮ್ಮವ್ವ ಕರದ್ರೂ ಅಲುಗಬ್ಯಾಡ."

ಕೆಳಗಿನ ಗಿಯರಿನ ಚುಕ್ಕೆಗೆ ಹಳದಿ ಕೊಂಡಿ,
ಮೇಲಿನ ಎರಡಕ್ಕೆ ಒಂದೊಂದು ನೀಲಿ.
ಎಳೆಯುವ ಬದಿ ಬಿಗಿ, ಟೆನ್ಷನರಿನ ಬದಿ ಸಡಿಲು.
ಎಣ್ಣೆಗೈ. ಚೈನು ಜಾರಿತು,
ಒಂದು ಹಲ್ಲು ದಾಟಿ ಕೂತಿತು.
ಎಷ್ಟು ಚೆನ್ನಾಗಿ ಕೂತಿತ್ತೆಂದರೆ
ಸರಿಯಾಗಿ ಕೂತದ್ದೂ ಹಾಗೆ ಕಾಣುವುದಿಲ್ಲ.
ಅವನ ಹೆಬ್ಬೆರಳು ಅಲ್ಲಿಗೆ ಬಂದು ನಿಂತಿತು.

"ಒಂದ ಹಲ್ಲಲ್ಲಾ, ಏನಾಕ್ಕೈತಿ?"
ಕಿರುಚಿ ಕೇಳಿದೆ.
ಅವನು ಬಾಯಿ ತೆರೆದು ತೋರಿಸಿದ,
ಮೇಲ್ಸಾಲಿನಲ್ಲಿ ಒಂದು ಖಾಲಿ ಜಾಗ.
"ಗಣಿ ಸಾವಕಾರನ ಜೀಪು. ಒಂದ ಹಲ್ಲ ತಪ್ಪಿಸಿದ್ದೆ.
ಚಾವಿ ತಿರುವಿದ್ದ ತಡ, ಇಳಿಯೋ ವಾಲ್ವಿಗೆ
ಏರೋ ಪಿಸ್ಟನ್ ಎದುರಾತು. ನಾಕು ವಾಲ್ವು ಡೊಂಕ.
ಡ್ರೈವರ್ ಪಾನಾ ಬೀಸಿದ.
ಹಲ್ಲಿಗೆ ಹಲ್ಲು."
ಹೋದ ತಿಂಗಳು ಇದೇ ಹಲ್ಲು
ಕಬ್ಬು ಸಿಗಿಯುವಾಗ ಹೋಯಿತು ಅಂದಿದ್ದ.
ನಾನು ಚೈನು ಬಿಚ್ಚಿ ಮತ್ತೆ ಹಾಕಿದೆ.

ಟೆನ್ಷನರಿನ ಮೊಳೆ ಎಳೆದಾಗ
ಟಕ್ಕೆಂದು ಬಿಗಿಯಾಯಿತು.
"ಪಿನ್ನೆಲ್ಲಾ ಕಿತ್ತು ನನ್ನ ಕೈಯಾಗ ಎಣಿಸಿ ಕೊಡು.
ಚಾವಿ ಮುಟ್ಟಬ್ಯಾಡ. ಕೈಲೆ ತಿರುವು."
ಕ್ರ್ಯಾಂಕು ಎರಡು ಸುತ್ತು, ಕ್ಯಾಮು ಒಂದು.
ಅವ್ವ ಬುಟ್ಟಿ ಹೊತ್ತು ಜೆಟ್ಟಿಗೆ ಎರಡು ಸಲ ಹೋಗಿಬರುವಷ್ಟರಲ್ಲಿ
ಅಪ್ಪ ಒಂದು ಸಲ ಮಗ್ಗುಲು ಬದಲಿಸುತ್ತಿದ್ದ.
ಎಲ್ಲೂ ತಡೆಯಲಿಲ್ಲ, ಎಲ್ಲೂ ಲೋಹ ಲೋಹಕ್ಕೆ ತಾಗಲಿಲ್ಲ.
ಚುಕ್ಕೆಗಳು ಮರಳಿ ಮೇಲೆ ಬಂದವು,
ಆದರೆ ಹಳದಿ ಎಲ್ಲೋ, ನೀಲಿ ಎಲ್ಲೋ!
ನನ್ನ ಕಾಲು ತಣ್ಣಗಾಯಿತು.

"ಪಿನ್ ಮತ್ತ ಹೋಕ್ಕಾವಿಲ್ಲ?"
ಹೋದವು.
"ಮುಗೀತು. ಬಣ್ಣ ಜೋಡಸೂ ಹೊತ್ತಿಗಷ್ಟ.
ಆಮ್ಯಾಲೆ ಕೊಂಡಿ ತಮ್ಮ ಪಾಡಿಗೆ ತಿರಗತಾವ.
ಮತ್ತ ಹಂಗ ಕೂಡಬೇಕಂದ್ರ ಎಷ್ಟ ಸುತ್ತ ಬೇಕೋ
ನಾ ಎಂದೂ ಎಣಿಸಿಲ್ಲ."

ಮೂರೂ ಇಪ್ಪತ್ತು. ದೂರದಲ್ಲಿ
ಮೊದಲ ಟ್ರಾಲರಿನ ದೀಪ.
ಕಾಯ್ತಾನ್ ಶಿಲುಬೆಯ ಗುರುತು ಮಾಡಿಕೊಂಡು
ಚಾವಿ ತಿರುವಿದ.
ಗಡಗಡ ಗಡಗಡ. ಎಣ್ಣೆ
ಟೆನ್ಷನರಿಗೆ ಇನ್ನೂ ಏರಿರಲಿಲ್ಲ.
ಉಸ್ತಾದ್ ಇಂಜಿನ್ನಿನ ಕಡೆ ತಿರುಗಲೇ ಇಲ್ಲ,
ಸ್ಕ್ರೂಡ್ರೈವರು ಜೇಬಿನಲ್ಲೇ ಇತ್ತು.
ನನ್ನ ಮುಖ ನೋಡುತ್ತಿದ್ದ.

ಒಂದು.
ಎರಡು.
ಮೂರನೆಯದಕ್ಕೆ ನನ್ನ ಹುಬ್ಬು ಇಳಿದಿರಬೇಕು,
ಅವನು ಚಿಂದಿ ತಗೊಂಡು
ಕೈ ಒರೆಸಿಕೊಳ್ಳತೊಡಗಿದ.